ಕೆಂಪು ಬಾಲದ ಅತಿಥಿ

ಅಂಗಡಿಯ ತೊಟ್ಟಿಯಲ್ಲಿ ಅದು ಬೆರಳುದ್ದದ ಮರಿ. ಕಪ್ಪು ಬೆನ್ನು, ಪಕ್ಕೆಯುದ್ದಕ್ಕೂ ಹಾಲುಬಿಳುಪಿನ ಪಟ್ಟೆ, ತುಟಿಯ ಸುತ್ತ ಮೂರು ಜೊತೆ ಮೀಸೆ. ಅಗಲವಾದ ಬಾಯಿ ಸದಾ ನಗುತ್ತಿರುವಂತೆ ತೋರುವುದರಿಂದ, ಮಗನಿಗಾಗಿ ನಾಲ್ಕು ಗೋಲ್ಡ್‌ಫಿಷ್ ಕೊಳ್ಳಲು ಬಂದ ಗೃಹಸ್ಥನು ಇದೂ ಒಂದಿರಲಿ ಎಂದು ಕಟ್ಟಿಸಿಕೊಳ್ಳುತ್ತಾನೆ. ವ್ಯಾಪಾರಿಯು ಹೆಸರನ್ನು ಹೇಳುತ್ತಾನೆ: ರೆಡ್‌ಟೇಲ್ ಕ್ಯಾಟ್‌ಫಿಷ್. ಬೆಳೆದಾಗಿನ ಗಾತ್ರವನ್ನು ಗಿರಾಕಿ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

ದಕ್ಷಿಣ ಅಮೆರಿಕದ ಅಮೆಜಾನ್, ಒರಿನೋಕೊ ನದಿಗಳ ಪ್ರದೇಶ ಇದರ ತವರು. ಬ್ರೆಜಿಲಿನ ಜನ ಇದನ್ನು ‘ಪಿರರಾರ’ ಎನ್ನುವರು. ಅಂದರೆ ಮಕಾವ್ ಗಿಣಿಯಂಥ ಮೀನು. ಬಣ್ಣಕ್ಕೆ ಈ ಹೋಲಿಕೆ ಸಲ್ಲುತ್ತದೆ, ಗಾತ್ರಕ್ಕಲ್ಲ. ಬೆಳೆದ ಪಿರರಾರ ಒಂದು ಮೀಟರಿಗೂ ಮೀರಿ ಉದ್ದವಾಗಬಲ್ಲದು. 40 ಕಿಲೋ ದಾಟಿದವೂ ಉಂಟು. ಮೊದಲ ವರ್ಷದಲ್ಲಿಯೇ ಅದು ಅಡಿಯುದ್ದ ಬೆಳೆಯುವುದು ಸಾಮಾನ್ಯ.

ಗೃಹಸ್ಥನಿಗೆ ಇದರ ಮೊದಲ ಸೂಚನೆ ದೊರೆಯುವುದು ಒಂದು ಬೆಳಗ್ಗೆ. ಗೋಲ್ಡ್‌ಫಿಷ್ ನಾಲ್ಕರಲ್ಲಿ ಮೂರೇ ಉಳಿದಿರುತ್ತವೆ. ಮನೆಯ ಹಿರಿಯರು ನೆರೆಮನೆಯ ಬೆಕ್ಕನ್ನು ಶಪಿಸುತ್ತಾರೆ. ನಿಜವಾದ ಬೆಕ್ಕು ಹೊಟ್ಟೆ ಉಬ್ಬಿಸಿಕೊಂಡು ತೊಟ್ಟಿಯ ತಳದಲ್ಲಿಯೇ ಮಲಗಿರುತ್ತದೆ! ಈ ಜಾತಿಗೆ ಹರಿದು ತಿನ್ನುವ ಹಲ್ಲುಗಳಿಲ್ಲ. ಥಟ್ಟನೆ ಬಾಯಿ ತೆರೆದರೆ ನೀರಿನೊಡನೆ ಬೇಟೆಯೂ ಒಳಗೆ ಸೆಳೆಯಲ್ಪಡುತ್ತದೆ. ಬಾಯಿಗೆ ಹಿಡಿಸುವುದೆಲ್ಲ ಅದಕ್ಕೆ ಆಹಾರ. ಬೆಣಚುಕಲ್ಲನ್ನೂ ನುಂಗಿ, ಆಮೇಲೆ ಕಕ್ಕುವುದುಂಟು.

ಆದರೂ ಮನೆಯವರು ಅದನ್ನು ದ್ವೇಷಿಸಲಾರರು. ತಿಂಗಳೊಪ್ಪತ್ತಿನಲ್ಲಿ ಅದು ಊಟವಿಕ್ಕುವವನನ್ನು ಗುರುತು ಹಿಡಿಯುತ್ತದೆ. ಅವನು ಹತ್ತಿರ ಬಂದರೆ ಮೇಲೆದ್ದು ಕೈಯಿಂದಲೇ ಸಿಗಡಿಯನ್ನು ಸ್ವೀಕರಿಸುತ್ತದೆ. ನೀರಿನಿಂದೆತ್ತಿದರೆ ಗೊರಗುಟ್ಟಿ ಆಕ್ಷೇಪಿಸುತ್ತದೆ. ಬಾಲ ದಿನೇ ದಿನೇ ಕೆಂಪಾಗುತ್ತದೆ. ಬಂದ ನೆಂಟರಿಗೆಲ್ಲ ಅದರ ಪ್ರದರ್ಶನವಾಗುತ್ತದೆ. ಹೀಗಾಗಿ ಊಟವೂ ದಿನಕ್ಕೆರಡು ಸಲವಾಗುತ್ತದೆ. ಬೆಳೆದ ಮೀನಿಗೆ ವಾರಕ್ಕೆ ಒಂದೆರಡು ಊಟ ಸಾಕೆಂಬುದನ್ನು ಪ್ರೀತಿ ಒಪ್ಪುವುದಿಲ್ಲ.

ಇನ್ನು ನೀರಿನ ಲೆಕ್ಕ. ಊಟ ಹೆಚ್ಚಿದಷ್ಟೂ ಕಿವಿರಿನಿಂದ ಹೊರಬೀಳುವ ಅಮೋನಿಯ ಹೆಚ್ಚುತ್ತದೆ. ಫಿಲ್ಟರಿನಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ, ಕೊನೆಗೆ ಅಷ್ಟು ವಿಷವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಉಳಿದದ್ದನ್ನು ಹೊರಹಾಕಲು ನೀರನ್ನೇ ಬದಲಾಯಿಸಬೇಕು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 255 ಲೀಟರು. ಬೆಳೆದ ಮೀನು ಅದರಲ್ಲಿ ತಿರುಗಲಾರದು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲ, ನಾಲ್ಕು ಅಡಿ ಆಳದ ತೊಟ್ಟಿ ಕಟ್ಟಿಸಿದರೆ ನೀರಿನ ಭಾರವೇ 8 ಟನ್ನು. ಮಹಡಿಯ ಮನೆಯವನು ಏನು ಮಾಡಬೇಕು? ಟ್ಯಾಂಕರಿನ ನೀರನ್ನು ಕೊಂಡು ಕುಡಿಯುವ ಮನೆಯಾದರಂತೂ ಯಜಮಾನಿತಿಯ ಅಭಿಪ್ರಾಯವನ್ನು ಇಲ್ಲಿ ಬರೆಯದಿರುವುದೇ ಲೇಸು.

“ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತದೆ” ಎನ್ನುವ ಹಿತೈಷಿಗಳು ಆಗ ಬರುತ್ತಾರೆ. ಅದು ಪುಣ್ಯದ ಮಾತಲ್ಲ. 2018ರ ಪ್ರವಾಹದ ಬಳಿಕ ಕೇರಳದ ಹೊಳೆಗಳಲ್ಲಿ, ಸಾಕುಕೊಳಗಳಿಂದ ತಪ್ಪಿಸಿಕೊಂಡ ಅಮೆಜಾನಿನ ಅರಪೈಮ ಮೀನುಗಳು ಬೆಸ್ತರ ಬಲೆಗೆ ಸಿಕ್ಕವು. ನಮ್ಮ ಕೆರೆಯ ಗೆಂಡೆ, ಕುಚ್ಚುಗಳು ಇಂಥ ಬಾಯಿಗೆ ಯಾವ ಅಪರಾಧಕ್ಕಾಗಿ ಬಲಿಯಾಗಬೇಕು? ಮೃಗಾಲಯಗಳಿಗೆ ಒಪ್ಪಿಸೋಣವೆಂದರೆ, ಅವುಗಳ ತೊಟ್ಟಿಗಳಿಗೂ ಮಿತಿಯುಂಟು. ಬ್ರಿಟನ್ನಿನ ಸಾರ್ವಜನಿಕ ಮತ್ಸ್ಯಾಲಯಗಳು ಬೇಸತ್ತು, ಇಂಥ ಮೀನುಗಳನ್ನು ಮನೆಗಾಗಿ ಮಾರಕೂಡದೆಂದು ಪ್ರಚಾರಕ್ಕೇ ಇಳಿದವು.

ಉಳಿಯುವುದು ಎರಡು ದಾರಿ. ಒಂದು, ಪಶುವೈದ್ಯರ ಕೈಯಲ್ಲಿ ನೋವಿಲ್ಲದ ಸಾವು. ಕೈಯಾರೆ ಸಿಗಡಿ ತಿನ್ನಿಸಿದವನಿಗೆ ಈ ಮಾತನ್ನಾಡಲು ನಾಲಿಗೆ ಏಳದು. ಇನ್ನೊಂದು, ತೋಟವುಳ್ಳ ಸ್ನೇಹಿತನ ಸಿಮೆಂಟಿನ ಕೊಳ. ಅದಕ್ಕೆ ಹಳ್ಳದ ಸಂಪರ್ಕವಿರಕೂಡದು, ಮಳೆಗಾಲದಲ್ಲಿ ಉಕ್ಕಕೂಡದು, ಮೇಲೆ ಬಲೆ ಬಿಗಿದಿರಬೇಕು. ಜೊತೆಗೆ, ಹದಿನೈದು ವರ್ಷವಾದರೂ ಬಾಳಬಹುದಾದ ಅತಿಥಿಗೆ ಅಷ್ಟು ಕಾಲವೂ ಊಟವಿಕ್ಕುವೆನೆಂದು ಆ ಸ್ನೇಹಿತನು ಒಪ್ಪಬೇಕು.