ಮನೆಯಲ್ಲಿ ಹೊಲಿದ ಟೀ ಶರ್ಟು

ಕೆಂಗಲ್ಲಿನ ಆಂಜನೇಯಸ್ವಾಮಿಯ ಸನ್ನಿಧಿಯನ್ನು ಹಾದು, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ದಿನವೂ ಹೋಗಿಬರುವ ಸ್ತ್ರೀಯರು, ಅಪರಿಚಿತರಿಗಾಗಿ ದುಡಿದು ದಣಿದ ಕೈಗಳಿಂದಲೇ ಭಾನುವಾರ ತಮ್ಮ ಮಕ್ಕಳಿಗೆ ಟೀ ಶರ್ಟನ್ನೋ ಟಾಪನ್ನೋ ಹೊಲಿಯುವುದನ್ನು ಕಂಡಾಗಲೆಲ್ಲ ನನ್ನ ಮನಸ್ಸು ಗೌರವದಿಂದ ನಮ್ರವಾಗುವುದು. ಇಂಥ ಉಡುಪಿಗೆ ಬಳಸುವ ಬನಿಯನ್ ಬಟ್ಟೆಯು ನೂಲಿನ ಕುಣಿಕೆಗಳಿಂದಾದುದರಿಂದ ಎಳೆದಂತೆ ಹಿಗ್ಗುವುದು. ನೇರ ಹೊಲಿಗೆಯಾದರೋ ಅದರೊಡನೆ ಹಿಗ್ಗಲಾರದೆ ತುಂಡಾಗುವುದು. ಬಟ್ಟೆಯನ್ನು ಮೊದಲೇ ಒಗೆದು ಒಣಗಿಸಿ, ಆಮೇಲೆ ಕತ್ತರಿಸಿ, ಹೊಲಿಗೆಯೂ ಹಿಗ್ಗುವಂತೆ, ಎಳೆಗಳನ್ನು ಛೇದಿಸದ ದುಂಡುತುದಿಯ ಸೂಜಿಯಿಂದ ಕಿರಿದಾದ ಜಿಗ್‌ಜಾಗ್ ಹೊಲಿಗೆಯನ್ನು ಹಾಕುವುದು ಅವಶ್ಯ. ಕೊರಳಪಟ್ಟಿಯನ್ನು ಅಂಗಿಯ ಕೊರಳಿನ ಸುತ್ತಳತೆಗಿಂತ ತುಸು ಚಿಕ್ಕದಾಗಿ ಕತ್ತರಿಸಿ, ಮೃದುವಾಗಿ ಎಳೆದು ಕೂಡಿಸಿದರೆ ಅಂಚು ಜೋಲದು. ಈ ವಿದ್ಯೆಯನ್ನು ಬಲ್ಲವರು ಹೆಣ್ಣು ಗಂಡೆನ್ನದೆ ಮನೆಯ ಎಲ್ಲ ಮಕ್ಕಳಿಗೂ ಕಲಿಸಬೇಕೆಂಬುದು ನನ್ನ ಪ್ರಾರ್ಥನೆ.