ಬಿಗಿ ಮಾಡಬಾರದಿದ್ದ ಹೊತ್ತು

ರೀಲಿನ ಡ್ರ್ಯಾಗ್ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಸ್ಪೂಲಿನ ತಲೆಯ ಮೇಲಿನ ತಿರುಪನ್ನು ಬಿಗಿ ಮಾಡಿದರೆ ಒಳಗಿನ ವಾಷರ್‌ಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಮೀನು ದಾರ ಎಳೆಯಲು ತಿಣುಕುತ್ತದೆ, ಸಡಿಲಿಸಿದರೆ ದಾರ ಸಲೀಸಾಗಿ ಹೋಗುತ್ತದೆ. ಕೈಯಲ್ಲಿ ಒಮ್ಮೆ ಜಗ್ಗಿ ನೋಡಿ ‘ಇಷ್ಟು ಸಾಕು’ ಎಂದು ಗಾಳ ಎಸೆಯುತ್ತಿದ್ದೆ. ಸಣ್ಣ ಮೀನುಗಳಿಗೆ ಅದು ನಡೆಯಿತು.

ಮಲ್ಪೆಯ ಬ್ರೇಕ್‌ವಾಟರ್ ಮೇಲೆ ಆವತ್ತು ಕಚ್ಚಿದ್ದು ಕೊಕ್ಕರ್ ಇರಬೇಕು, ಕಣ್ಣಿಗಂತೂ ಬೀಳಲಿಲ್ಲ. ಕಚ್ಚಿದ್ದೇ ತಡ, ಹೊರಗಡಲಿಗೆ ಓಡಿತು. ರೀಲು ಚೀರುತ್ತಿತ್ತು. ದಾರದ ಸಂದಿನಿಂದ ಸ್ಪೂಲಿನ ಲೋಹ ಇಣುಕತೊಡಗಿದಾಗ, ಇದ್ದದ್ದೆಲ್ಲ ಮುಗಿದೇಹೋಯಿತೆಂಬ ಗಾಬರಿಯಲ್ಲಿ ತಿರುಪಿಗೆ ಕೈ ಹಾಕಿದೆ. ಪಕ್ಕದಲ್ಲಿ ಕೈಗಾಳ ಬಿಟ್ಟು ಕೂತಿದ್ದ ಹಿರಿಯರು “ಬಿಗಿ ಮಾಡ್ಬೇಡಿ ಮಾರಾಯ್ರೆ, ಹೋಗ್ಲಿ ಬಿಡಿ!” ಎಂದು ಕೂಗಿದರು. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಇನ್ನಷ್ಟು ತಿರುಗಿಸಿದೆ. ಬಾಗಿದ್ದ ಕೋಲು ಸಟ್ಟನೆ ನೆಟ್ಟಗಾಯಿತು.

ದಾರ ಕಡಿದದ್ದು ಗಂಟಿನ ಬಳಿ. ತುದಿ ನೂಲುನೂಲಾಗಿ ಕೆದರಿತ್ತು. ಮೂರು ಮುಳ್ಳಿನ ಕೊಕ್ಕೆಗಳಿದ್ದ ಕೃತಕ ಮೀನು ಅದರ ಬಾಯಲ್ಲೇ ಉಳಿಯಿತು. ಮೀನು ತಪ್ಪಿತೆಂಬ ಬೇಸರಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿದೆ. ಬಾಯಿಗೆ ಕೊಕ್ಕೆ ಸಿಕ್ಕಿಸಿಕೊಂಡ ಮೀನು ಬೇಟೆಯಾಡುವುದು ಹೇಗೆ?

ಆ ಹಿರಿಯರು ಹೇಳಿದ್ದರ ಹಿಂದಿನ ಲೆಕ್ಕ ನನಗೆ ಆಮೇಲೆ ತಿಳಿಯಿತು. ದಾರ ಹೊರಗೆ ಹೋದ ಹಾಗೆ ಸ್ಪೂಲಿನ ಮೇಲಿನ ಸುತ್ತು ಸಣ್ಣದಾಗುತ್ತದೆ. ವಾಷರ್‌ಗಳ ಹಿಡಿತ ಮೊದಲಿನಷ್ಟೇ, ಆದರೆ ಸಣ್ಣ ಸುತ್ತಿನಿಂದ ಎಳೆದು ಸ್ಪೂಲನ್ನು ತಿರುಗಿಸಲು ಹೆಚ್ಚು ಬಲ ಬೇಕು. ಸುತ್ತಿನ ವ್ಯಾಸ ಅರ್ಧಕ್ಕಿಳಿದರೆ 4 ಕೆಜಿಯ ಡ್ರ್ಯಾಗ್ 8 ಕೆಜಿ ಆಗಿಬಿಡುತ್ತದೆ, ತಿರುಪನ್ನು ಯಾರೂ ಮುಟ್ಟದೆಯೇ! ಅದರ ಮೇಲೆ ಕೋಲಿನ ಉಂಗುರಗಳ ತಿಕ್ಕಾಟ, ನೀರನ್ನು ಸೀಳಿಕೊಂಡು ಹೋಗುವ ಉದ್ದ ದಾರದ ಸೆಳೆತ. ನನ್ನದು 12 ಕೆಜಿಯ ಬ್ರೇಡ್ ದಾರ. ಗಂಟಿನಲ್ಲಿ ಅದೂ ಅಷ್ಟು ತಾಳುವುದಿಲ್ಲ, ನೈಲಾನಿನಂತೆ ಹಿಗ್ಗಿ ಜಗ್ಗನ್ನು ನುಂಗಿಕೊಳ್ಳುವುದೂ ಇಲ್ಲ. ತಾನಾಗಿಯೇ ಬಿಗಿಯಾಗಿದ್ದ ಡ್ರ್ಯಾಗನ್ನು ನಾನು ಮತ್ತೆ ಬಿಗಿ ಮಾಡಿದ್ದೆ.

ರೀಲು ಬಿಚ್ಚಿದಾಗ ಇನ್ನೊಂದು ತಪ್ಪೂ ಸಿಕ್ಕಿತು. ಫೆಲ್ಟ್ ವಾಷರ್‌ಗಳು ಎಣ್ಣೆಯಿಲ್ಲದೆ ಒಣಗಿ, ಅಂಚಿಗೆ ಉಪ್ಪು ಕಟ್ಟಿತ್ತು. ಅಂಥ ವಾಷರ್ ಮೊದಲು ಕಚ್ಚಿ ಹಿಡಿದು ಆಮೇಲೆ ಜಾರುತ್ತದೆ. ಆ ಮೊದಲ ಜಗ್ಗಿಗೇ ಎಷ್ಟೋ ದಾರಗಳು ಕಡಿಯುತ್ತವೆ. ಈಗ ಡ್ರ್ಯಾಗ್ ಬಿಗಿ ಮಾಡಿ, ನೀರು ಒಳಗಿಳಿಯದಂತೆ ರೀಲನ್ನು ಸಿಹಿನೀರಲ್ಲಿ ಮೆಲ್ಲಗೆ ತೊಳೆಯುತ್ತೇನೆ. ಒಣಗಿದ ಮೇಲೆ ಪೂರ್ತಿ ಸಡಿಲಿಸಿ ಇಡುತ್ತೇನೆ.

ಕೈಯಂದಾಜನ್ನೂ ಬಿಟ್ಟಿದ್ದೇನೆ. ದಾರದ ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಕೋಲನ್ನು 45 ಡಿಗ್ರಿಗೆ ಎತ್ತಿ ಹಿಡಿದು, ಮಗನಿಗೆ ಎಳೆಯಲು ಹೇಳುತ್ತೇನೆ. ಸ್ಪೂಲು ತಿರುಗತೊಡಗುವಾಗ ಮುಳ್ಳು 3 ಕೆಜಿ ತೋರಿಸಬೇಕು, ಅಂದರೆ ದಾರದ ತಾಕತ್ತಿನ ಕಾಲುಭಾಗ. ಮೀನು ದೂರ ಓಡಿದರೆ ತಿರುಪನ್ನು ಸ್ವಲ್ಪ ಸಡಿಲಿಸುತ್ತೇನೆ. ಕಲ್ಲಿನ ಸಂದಿಗೆ ನುಗ್ಗುವ ಮೀನನ್ನು ತಡೆಯಲೇಬೇಕಾದಾಗ ಸ್ಪೂಲಿನ ಅಂಚಿಗೆ ಅಂಗೈ ಒತ್ತುತ್ತೇನೆ. ಅದು ಮತ್ತೆ ಜಗ್ಗಿದರೆ ಆ ಕ್ಷಣವೇ ಕೈ ತೆಗೆಯಬಹುದು.