ಭಾನುವಾರದ ಪಾಳಿ

ಬೇರೆ ಕಂಪನಿಗಳ ನೆಟ್‌ವರ್ಕ್ ಕಾಯುವುದೇ ಪುಣೆಯಲ್ಲಿ ನನ್ನ ಕೆಲಸ. ಗಿರಾಕಿಯ ಶಾಖೆ ನಮ್ಮ ತಡವಳದಂಥ ಊರಲ್ಲಿದ್ದರೂ ಸರಿ, ಫೈಬರ್ ಕಡಿದರೆ ಎಸ್‌ಡಿ-ವ್ಯಾನ್ ಪೆಟ್ಟಿಗೆ ತಾನೇ ಮೊಬೈಲ್ ಸಿಮ್‌ಗೆ ಹೊರಳುತ್ತದೆ. ಎಲ್ಲ ಶಾಖೆಗಳ ಫೈರ್‌ವಾಲ್ ನಿಯಮವನ್ನೂ ಕೂತಲ್ಲಿಂದಲೇ ಬದಲಿಸುತ್ತೇವೆ. ಅನುಕೂಲವೇನೋ ಹೌದು, ಆ ಒಂದು ಪಾಸ್‌ವರ್ಡ್ ಕಳ್ಳನಿಗೆ ಸಿಕ್ಕರೆ ಎಲ್ಲ ಬಾಗಿಲೂ ತೆರೆದಂತೆಯೇ.

2018ರ ಆಗಸ್ಟ್‌ನಲ್ಲಿ ಇದೇ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ ಸುಮಾರು 94 ಕೋಟಿ ರೂಪಾಯಿ ಹೋಯಿತು. ಕಳ್ಳರ ನಕಲಿ ಸ್ವಿಚ್, ಬ್ಯಾಂಕನ್ನು ಕೇಳದೆಯೇ, 28 ದೇಶಗಳ ಎಟಿಎಂಗಳಿಗೆ ‘ಕೊಡು’ ಎಂದಿತ್ತು. ಶುರುವಾದದ್ದು ಶನಿವಾರ.

ಅದಕ್ಕೇ ನಮಗೆ ಭಾನುವಾರವೂ ಪಾಳಿ. ಬಲಿಪೂಜೆ ತಪ್ಪುತ್ತದೆಂದು ಅವ್ವನಿಗೆ ನೋವು. “ಅದರಾಗ ಯಾರದೋ ಪಿಂಚಣಿನೂ ಇರತೈತವ್ವಾ” ಎಂದೆ.

“ಹಂಗಾದ್ರ ಶನಿವಾರ ಸಂಜಿ ಪೂಜಿಗರೆ ಹೋಗು.”

ಹೋಗುತ್ತಿದ್ದೇನೆ.